ಹಾಕೋದು ದನಕ್ಕೆ ಹುಲ್ಲು

ಜಪಾನಿ ಭಾಷೆಯಲ್ಲಿ ನಾವು ಸ್ವಂತವಾಗಿ ಹೇಳಿದ ಮೊದಲ ವಾಕ್ಯವೇ ತಪ್ಪಾಯಿತು. ‘ಶೂ ಹಾಕಿಕೊಳ್ಳುತ್ತೇನೆ’ ಎನ್ನಲು ‘ಕುತ್ಸು ಓ ಕಿಮಾಸ್’ ಎಂದೆವು. ಆನ್‌ಲೈನ್ ತರಗತಿಯ ಮೇಡಂ ನಕ್ಕರು: "ಶೂನ ಮೈಗೆ ತೊಡ್ತೀರಾ?"

ನಮ್ಮ ತಂಗಿ ನರ್ಸಿಂಗ್ ಓದಿದವಳು. ಜಪಾನಿಗೆ ಹೋಗಿ ವೃದ್ಧರ ಆರೈಕೆಯ ಕೆಲಸ ಮಾಡಬೇಕೆಂಬ ಆಸೆ ಅವಳದು. 2021ರ ಜನವರಿಯಲ್ಲಿ ಎರಡು ದೇಶಗಳ ನಡುವೆ ಆದ ಒಪ್ಪಂದ ಇಂಥವರಿಗೆ ದಾರಿ ಮಾಡಿದೆ. ಆದರೆ ಕೆಲಸದ ಪರೀಕ್ಷೆಯ ಜೊತೆ ಭಾಷೆಯ ಪರೀಕ್ಷೆಯನ್ನೂ ಪಾಸಾಗಬೇಕು. ಅವಳಿಗೆ ಜೊತೆಯಾಗಲಿ ಎಂದು ನಾವೂ ಸಂಜೆ ಜಗಲಿಯಲ್ಲಿ ಒಂದೇ ಫೋನಿನ ಮುಂದೆ ಕೂತೆವು.

ಹೆಸರುಗಳು ಅಷ್ಟು ಕಷ್ಟವಲ್ಲ. ಅಂಗಿಗೆ ‘ಶಾತ್ಸು’, ಅದು ನಮ್ಮ ಶರ್ಟೇ. ಗುಂಡಿಗೆ ‘ಬೊತಾನ್’, ಪೋರ್ಚುಗೀಸರಿಂದ ಬಂದ ಪದ. ‘ತೆ’ ಎಂದರೆ ಕೈ, ‘ಫುಕುರೊ’ ಎಂದರೆ ಚೀಲ. ಹಾಗಾದರೆ ‘ತೆಬುಕುರೊ’ ಕೈಚೀಲ ಎಂದುಕೊಂಡೆವು. ಅಲ್ಲ, ಅದು ಕೈಗವಸು!

ಕಷ್ಟ ಇರುವುದು ಕ್ರಿಯಾಪದದಲ್ಲಿ. ಅಂಗಿ, ಕಿಮೊನೊ ಮುಂತಾಗಿ ಮೈಗೆ ತೊಡುವುದಕ್ಕೆ ‘ಕಿರು’. ಪ್ಯಾಂಟು, ಶೂ, ಕಾಲುಚೀಲಕ್ಕೆ ‘ಹಕು’. ಟೋಪಿಗೆ ‘ಕಬುರು’. ಕನ್ನಡಕಕ್ಕೆ ‘ಕಕೆರು’. ಉಂಗುರಕ್ಕೆ ‘ಹಮೆರು’.

"ಎಲ್ಲಕ್ಕೂ ‘ಹಾಕು’ ಅಂದ್ರೆ ಮುಗೀತಿತ್ತಪ್ಪ" ಎಂದು ಗೊಣಗಿದೆವು.

ಮಂಚದ ಮೇಲಿಂದ ಅಜ್ಜಿ ಸಿಡುಕಿದಳು: "ಹಾಕೋದು ದನಕ್ಕೆ ಹುಲ್ಲು! ಸೀರೆ ಉಡೋದು, ರವಿಕೆ ತೊಡೋದು, ಹೂ ಮುಡಿಯೋದು, ಕಂಬಳಿ ಹೊದೆಯೋದು, ಚಪ್ಪಲಿ ಮೆಟ್ಟೋದು. ನಿಮಗೆ ಕನ್ನಡಾನೇ ಬರಲ್ಲ."

ನಾವು ತೆಪ್ಪಗಾದೆವು. ಆಮೇಲೆ ತಂಗಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಒಂದು ಕಡೆ ಜಪಾನಿ, ಇನ್ನೊಂದು ಕಡೆ ಅಜ್ಜಿಯ ಕನ್ನಡ ಬರೆದಳು. ‘ಹಕು’ ಎದುರಿಗೆ ‘ಮೆಟ್ಟು’ ಕಂಡ ಮೇಲೆ ಶೂ ವಿಷಯದಲ್ಲಿ ಮತ್ತೆ ತಪ್ಪಲಿಲ್ಲ.

ಪಾರ್ಶ್ವವಾಯು ಬಡಿದ ಮೇಲೆ ಅಜ್ಜಿಯ ಎಡಗೈ ಏಳುವುದಿಲ್ಲ. ಜಪಾನಿನ ಆರೈಕೆ ಪಾಠದಲ್ಲಿ ಒಂದು ನಿಯಮವಿದೆ: ತೊಡಿಸುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಇನ್ನೊಂದೂ ಇದೆ: ಕಿಮೊನೊದ ಎಡಭಾಗ ಬಲಭಾಗದ ಮೇಲೆ ಬರಬೇಕು. ತಿರುಗುಮುರುಗಾಗಿ ತೊಡಿಸುವುದು ಸತ್ತವರಿಗೆ ಮಾತ್ರ. ಅಲ್ಲಿ ಯಾರದೋ ಅಜ್ಜಿಗೆ ಬಟ್ಟೆ ತೊಡಿಸುವಾಗ ಇದು ತಪ್ಪಿದರೆ, ಆ ಜೀವಕ್ಕೆ ಹೇಗಾದೀತು?

ಈಗ ದಿನಾ ಬೆಳಿಗ್ಗೆ ತಂಗಿ ಅಜ್ಜಿಯ ಎಡಗೈಯನ್ನು ಮೆಲ್ಲಗೆ ರವಿಕೆಯ ತೋಳಿಗೆ ಸೇರಿಸುತ್ತಾ "ಕಿಮಾಶೋ" ಎನ್ನುತ್ತಾಳೆ. ತೊಡೋಣ ಎಂದರ್ಥ.

"ಹೂಂ, ತೊಡಿಸು" ಎನ್ನುತ್ತಾಳೆ ಅಜ್ಜಿ.