ಕಣ್ಣೊಳಗಿನ ಕನ್ನಡಕ

ಮಗನ ಮೂಗಿನ ಮೇಲೆ ಕನ್ನಡಕ ಏರಿತೆಂದರೆ ಹಿಂದಿನವರಿಗೆ ಅದು ವಿದ್ಯೆಯ ಲಕ್ಷಣ. ಮಗಳ ಮೂಗಿನ ಮೇಲೆ ಏರಿತೆಂದರೆ ಮದುವೆಯ ಚಿಂತೆ. ಆ ಚಿಂತೆಗೆ ಪರಿಹಾರವೆಂಬಂತೆ ಎಷ್ಟೋ ಮನೆಗಳನ್ನು ಹೊಕ್ಕಿತು, ಕಾಂಟ್ಯಾಕ್ಟ್ ಲೆನ್ಸ್. ಇದ್ದೂ ಇಲ್ಲದಂತಿರುವುದೇ ಅದರ ಗುಣ, ಅಪಾಯವೂ ಅಲ್ಲಿಯೇ. ಕಾಣದ ವಸ್ತುವನ್ನು ಮನುಷ್ಯ ಬೇಗನೆ ಮರೆಯುತ್ತಾನೆ.

1888ರಲ್ಲಿ ಜ್ಯೂರಿಚ್‌ನ ವೈದ್ಯ ಅಡಾಲ್ಫ್ ಫಿಕ್ ವರ್ಣಿಸಿದ ಗಾಜಿನ ಲೆನ್ಸನ್ನು ಮರೆಯುವುದು ಸಾಧ್ಯವೇ ಇರಲಿಲ್ಲ. ಅದನ್ನು ಕೆಲವು ತಾಸು ತಾಳಿಕೊಳ್ಳುವುದೂ ಕಷ್ಟವಾಗಿತ್ತು. 1961ರ ಕ್ರಿಸ್‌ಮಸ್ ವೇಳೆಗೆ ಚೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ, ಮಕ್ಕಳ ಆಟಿಕೆಯ ಲೋಹದ ತುಣುಕುಗಳನ್ನೂ ಸೈಕಲ್ಲಿನ ಡೈನಮೋವನ್ನೂ ಜೋಡಿಸಿ ಮನೆಯಲ್ಲಿಯೇ ಯಂತ್ರವೊಂದನ್ನು ಹೂಡಿ, ನೀರು ಹೀರಿ ಮೆತ್ತಗಾಗುವ ಲೆನ್ಸನ್ನು ಎರಕ ಹೊಯ್ದನು. ಮರೆವಿಗೆ ದಾರಿಯಾದದ್ದು ಈ ಮೃದುತ್ವದಿಂದಲೇ.

ಆದರೆ ಕಣ್ಣು ಮರೆಯುವುದಿಲ್ಲ. ಕರಿಗುಡ್ಡೆಯ ಮುಂದಿನ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಅದು ತನಗೆ ಬೇಕಾದ ಆಮ್ಲಜನಕದ ಬಹುಭಾಗವನ್ನು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸ್ ಧರಿಸಿಯೇ ನಿದ್ರಿಸಿದರೆ ಆ ಉಸಿರಿಗೆ ರೆಪ್ಪೆಯದೊಂದು, ಲೆನ್ಸಿನದೊಂದು, ಹೀಗೆ ಎರಡು ಅಡ್ಡಿಗಳು. ಸೋಂಕಿನ ಭಯವೂ ಹಲವು ಪಟ್ಟು ಹೆಚ್ಚುತ್ತದೆ. ರಾತ್ರಿಯ ಬಸ್ಸಿನ ಜೊಂಪಿಗೂ ಈ ಮಾತು ಸಲ್ಲುತ್ತದೆ.

ಆದಕಾರಣ ಲೆನ್ಸನ್ನು ಬಳೆಯಂತೆ ಬಣ್ಣ ನೋಡಿ ಕೊಳ್ಳಲಾಗದು. ಕನ್ನಡಕದ ಚೀಟಿಯೊಂದೇ ಸಾಲದು. ಕಾರ್ನಿಯಾದ ಬಾಗನ್ನು ಅಳೆಯಬೇಕು, ಕಣ್ಣೀರು ಸಾಕಷ್ಟಿದೆಯೇ ಎಂದು ನೋಡಬೇಕು. ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಈ ಪರೀಕ್ಷೆ ತಪ್ಪದು. ಕಾರ್ನಿಯಾ ಶಂಕುವಿನಂತೆ ಉಬ್ಬಿದವರಿಗೆ ಗಟ್ಟಿ ಲೆನ್ಸೇ ಸ್ಪಷ್ಟ ದೃಷ್ಟಿ ಕೊಡಬಹುದು. ದಿನಕ್ಕೊಂದು ಜೊತೆ ಧರಿಸಿ ಎಸೆಯುವ ಲೆನ್ಸಿಗೆ ವೆಚ್ಚ ಹೆಚ್ಚು, ತೊಳೆದಿಡುವ ತೊಡಕಿಲ್ಲ.

ಇನ್ನು ಮಡಿ. ಅಜ್ಜಿಯರ ಮಡಿಯಲ್ಲಿ ನೀರು ಸೋಕಿದ್ದೆಲ್ಲ ಶುದ್ಧ. ಲೆನ್ಸಿನ ಮಡಿಯಲ್ಲಿ ನೀರೇ ಮೈಲಿಗೆ. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಂಡ ಮೇಲೆ ಲೆನ್ಸಿಗೆ ಒಂದು ಹನಿ ನೀರೂ ತಗಲಬಾರದು. ನಲ್ಲಿಯದಾಗಲಿ, ತೀರ್ಥಕ್ಷೇತ್ರದ ಹೊಳೆಯದಾಗಲಿ, ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾವನ್ನು ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವೊಮ್ಮೆ ದೃಷ್ಟಿಯೇ ನಷ್ಟ. ಸ್ನಾನಕ್ಕೂ ಈಜಿಗೂ ಮೊದಲು ಲೆನ್ಸ್ ತೆಗೆದಿಡಬೇಕು. ದ್ರಾವಣವನ್ನು ದಿನವೂ ಬದಲಿಸಬೇಕು, ಹಳೆಯದರ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಎಸೆಯಬೇಕು. ಕಾಡಿಗೆ ತೀಡುವ ಮೊದಲು ಲೆನ್ಸ್ ಧರಿಸಿ, ಕಾಡಿಗೆ ಒರೆಸುವ ಮೊದಲು ತೆಗೆಯುವುದು ಕ್ರಮ.

ಕಣ್ಣು ಕೆಂಪಾಗಿ ನೋವು ತೋರಿದರೆ, ಬೆಳಕು ಚುಚ್ಚಿದರೆ, ನೋಟ ಮಸುಕಾದರೆ, ಧಾರೆಯ ಮುಹೂರ್ತವೇ ಇರಲಿ, ಲೆನ್ಸ್ ತೆಗೆದು ಅಂದೇ ನೇತ್ರವೈದ್ಯರನ್ನು ಕಾಣಬೇಕು. ಕಾರ್ನಿಯಾದ ಮೇಲೆ ಉಳಿದ ಕಲೆ ಫೋಟೋದಲ್ಲಿ ಕಾಣದಿರಬಹುದು, ಬಾಳೆಲ್ಲ ನೋಟಕ್ಕೆ ಅಡ್ಡ ನಿಲ್ಲುತ್ತದೆ. ಅಂತಹ ದಿನಕ್ಕೆಂದು ಹಳೆಯ ಕನ್ನಡಕ ಕೈಚೀಲದಲ್ಲಿರಲಿ. ಅದನ್ನು ಧರಿಸಿದ ವಧುವನ್ನು ಒಪ್ಪದ ವರನಿಗೆ ಬೇಕಾದದ್ದು ಬೇರೆಯೇ ಬಗೆಯ ಕಣ್ಣಿನ ಪರೀಕ್ಷೆ.