ದುಬೈಯಲ್ಲಿದ್ದ ಅಣ್ಣ

"ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು." ಇಪ್ಪತ್ತೊಂಬತ್ತು ವರ್ಷ ಕನ್ನಡ ಮೇಡಂ ಆಗಿದ್ದ ನಾನು ಈ ಗಾದೆಯನ್ನು ಎಷ್ಟು ತರಗತಿಗಳಲ್ಲಿ ವಿವರಿಸಿದ್ದೇನೋ! ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ತೌರಿನ ಹಿಂದಿನ ಕೋಣೆಯಲ್ಲಿ ನನ್ನ ಭಾಯಿಜಾನ್ ಗೋಡೆಯ ಜೊತೆ ಮಾತಾಡುತ್ತ ಕೂತಿರುತ್ತಿದ್ದುದು ಆ ಮಕ್ಕಳಿಗಿರಲಿ, ನನ್ನ ಯಜಮಾನರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆ "ದುಬೈಯಲ್ಲಿದ್ದಾನೆ" ಎನ್ನುತ್ತಿದ್ದೆವು. ರಂಜಾನ್ ಬಂದರೆ ಅಮ್ಮಿ ತಾನೇ ಬಟ್ಟೆ ಕೊಂಡು ತಂದು "ಮಗ ಕಳಿಸಿದ್ದು" ಎಂದು ಬೀದಿಗೆಲ್ಲ ತೋರಿಸುತ್ತಿದ್ದಳು. ಅಳಿಯ ಬರುವ ದಿನ ಆ ಕೋಣೆಗೆ ಬೀಗ. 1998ರಲ್ಲಿ ಅವನು ತೀರಿಕೊಂಡಾಗಲೂ ನಾವು ಜೋರಾಗಿ ಅಳಲಿಲ್ಲ.

ಯಜಮಾನರು ಹೋದ ಮೇಲೆ ನನಗೆ ನಿದ್ದೆ ಹೋಯಿತು. ಎದೆ ಡವಡವ. ಇ.ಸಿ.ಜಿ. ತೆಗೆದವರು "ಏನೂ ಇಲ್ಲ" ಅಂದರು. ನಮ್ಮ ದಖನಿಯಲ್ಲಿ ದುಃಖ, ಭಯ, ಬೇಸರ ಎಲ್ಲಕ್ಕೂ ಒಂದೇ ಮಾತು: "ದಿಲ್ ಘಬ್ರಾರಾ." ವಿಜಯನಗರದಿಂದ ಹೊಸೂರು ರಸ್ತೆಯ ನಿಮ್ಹಾನ್ಸ್ ದೂರವೇನಲ್ಲ. ಆದರೆ ಅದು ನಿಮ್ಹಾನ್ಸ್ ಆದದ್ದು 1974ರಲ್ಲಿ. ನಮ್ಮ ಓಣಿಯ ಬಾಯಲ್ಲಿ ಅದಿನ್ನೂ ಹುಚ್ಚಾಸ್ಪತ್ರೆಯೇ. ಅಲ್ಲಿ ಬುರ್ಖಾ ಕಂಡರೆ ಯಾರ ಮನೆಯವಳೆಂದು ಗುರುತಿಸುವವರಿರುತ್ತಾರೆ ಎಂಬ ಅಂಜಿಕೆ ಬೇರೆ.

ಪಕ್ಕದ ಮನೆಯ ಆಪಾ ಒಂದು ದಿನ ಪಾದರಾಯನಪುರಕ್ಕೆ ಎಳೆದುಕೊಂಡು ಹೋದರು. ಊದುಬತ್ತಿ ಹೊಸೆಯುವ ಹೆಂಗಸರು ಹತ್ತು ಜನ, ನಡುವೆ ಕೆಂಗೇರಿಯಿಂದ ಬರುವ ಆಪ್ತಸಲಹೆಗಾರ್ತಿ ಹುಡುಗಿ. ಗುರುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಒಂದೂವರೆ ಗಂಟೆ. ಕಟ್ಟುಪಾಡು ಎರಡೇ: ಇಲ್ಲಿ ಕೇಳಿದ್ದು ಹೊಸ್ತಿಲು ದಾಟಬಾರದು; ಕೇಳದೆ ಯಾರಿಗೂ ಬುದ್ಧಿ ಹೇಳಬಾರದು. ಮೇಡಂ ಆದ ನನಗೆ ಎರಡನೆಯದೇ ಕಷ್ಟವಾಯಿತು!

ಹೀಗೆ ಕೂತು ಮಾತಾಡಿದರೆ ಏನು ಬರುತ್ತದೆ ಎಂದು ಕೇಳಿದೆ. ಹುಡುಗಿ ಹೇಳಿದಳು: 1905ರಲ್ಲಿ ಬಾಸ್ಟನ್ನಿನ ಡಾಕ್ಟರ್ ಜೋಸೆಫ್ ಪ್ರ್ಯಾಟ್, ಬಡ ಕ್ಷಯರೋಗಿಗಳಿಗೆ ಪಥ್ಯ ಕಲಿಸಲು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿದರಂತೆ. ಪಾಠಕ್ಕಿಂತ ಜೊತೆಯವರ ಮಾತೇ ಅವರಿಗೆ ಧೈರ್ಯ ಕೊಟ್ಟಿತಂತೆ. ಜಿಂಬಾಬ್ವೆಯಲ್ಲಿ 2006ರಿಂದ ಅಜ್ಜಿಯರೇ ತರಬೇತಿ ಪಡೆದು ಬೆಂಚಿನ ಮೇಲೆ ಕೂತು ನೊಂದವರ ಮಾತು ಕೇಳುತ್ತಿದ್ದಾರಂತೆ. ಹಾಗೆಂದು ಗುಂಪು ಗುಳಿಗೆಗೆ ಬದಲಲ್ಲ. ನಮ್ಮಲ್ಲಿ ಇಬ್ಬರು ನಿಮ್ಹಾನ್ಸಿನ ಮಾತ್ರೆ ತಪ್ಪದೆ ನುಂಗುತ್ತಾರೆ. ರಾತ್ರಿಯಲ್ಲಿ ತೀರಾ ತಾಳದಾದರೆ ಇರಲೆಂದು ಎಲ್ಲರಿಗೂ 14416 ಬರೆಸಿದಳು. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ಐದನೆಯ ವಾರ ನನ್ನ ಸರದಿ. ಆಗ ನನ್ನ ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದೆವು. ವರನ ದೊಡ್ಡಮ್ಮ ಅದೇ ಚಾಪೆಯ ಮೇಲೆ ನನ್ನೆದುರಿಗೇ ಕೂತಿದ್ದರು. ಬಾಯಿ ಒಣಗಿತು. ಆದರೂ ಹೇಳಿಬಿಟ್ಟೆ: ಕೋಣೆ, ಬೀಗ, ದುಬೈ, ರಂಜಾನಿನ ಬಟ್ಟೆ, ಎಲ್ಲವನ್ನೂ.

ಊದುಬತ್ತಿ ಹೊಸೆಯುವ ಕೈಗಳು ನಿಂತವು. ಆ ದೊಡ್ಡಮ್ಮ ಕೈಗಂಟಿದ ಕರಿಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಅಂದರು: "ಟೀಚರಮ್ಮಾ, ನಿಮ್ಮಣ್ಣ ದುಬೈಗೆ ಹೋದ. ನನ್ನ ತಂಗೀನ ನಾವು ಬೊಂಬಾಯಿಗೆ ಕಳಿಸಿದ್ವಿ."

ನಾವಿಬ್ಬರೂ ಅತ್ತೆವು. ಯಾರೂ ಸಮಾಧಾನ ಹೇಳಲಿಲ್ಲ. ಒಬ್ಬಳು ಎದ್ದು ಚಹಾ ತಂದಳು.

ಮಾತು ಹೊಸ್ತಿಲು ದಾಟಲಿಲ್ಲ. ಆದರೆ ಇನ್ನೊಂದು ಬೀಗ ಹಾಕುವ ಶಕ್ತಿ ನನ್ನಲ್ಲಿರಲಿಲ್ಲ. ಮಗಳೂ ಅಳಿಯನೂ ಬೇಡವೆಂದರೂ, ವರನ ತಾಯಿಗೆ ನಾನೇ ಹೋಗಿ ಹೇಳಿ ಬಂದೆ. "ಯೋಚಿಸಿ ತಿಳಿಸ್ತೀವಿ" ಅಂದಿದ್ದಾರೆ. ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಮೊಮ್ಮಗಳು ಮಾತ್ರ ರಾತ್ರಿ ಪಕ್ಕದಲ್ಲಿ ಬಂದು ಮಲಗಿದಳು. "ಅವರು ಯೋಚಿಸಲಿ ಬಿಡಿ ನಾನಿ. ನಿಮ್ಮಣ್ಣನ ಹೆಸರೇನಿತ್ತು?" ಎಂದು ಕೇಳಿದಳು.

ಎಷ್ಟೋ ವರ್ಷಗಳ ಮೇಲೆ ಅವನ ಹೆಸರನ್ನು ಬಾಯಿಬಿಟ್ಟು ಹೇಳಿದೆ.