ಮೊದಲ ಆಯ್ಕೆ

ಬೆಳಗಾವಿ, 2025ರ ಜೂನ್, ರಾತ್ರಿ ಹತ್ತೂವರೆ. ತಗಡಿನ ಮೇಲೆ ಮಳೆ ಬಡಿಯುತ್ತಿದೆ. ಕೋಣೆಯ ತುಂಬ ಬೂಟ್ ಪಾಲಿಶ್ ವಾಸನೆ; ಹವಾಲ್ದಾರನಾಗಿ ನಿವೃತ್ತನಾದ ಅಪ್ಪ ಇಂದಿಗೂ ಮಲಗುವ ಮುನ್ನ ಬೂಟು ಉಜ್ಜುತ್ತಾನೆ. ನಿನಗೆ ಹದಿನೇಳು. ಎದುರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆಯ ಅರ್ಜಿ ತೆರೆದಿದೆ. ಹೆಸರು, ಪಿಯುಸಿ ಸೈನ್ಸ್, ಫೋಟೊ, ಸಹಿ ಎಲ್ಲ ಆಯಿತು. ಹೆಣ್ಣುಮಕ್ಕಳಿಗೆ ಶುಲ್ಕವೂ ಇಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆ, ನೌಕಾ ಅಕಾಡೆಮಿ: ಯಾವುದು ಮೊದಲು, ಯಾವುದು ಕೊನೆಗೆ ಎಂದು ಬರೆಯುವುದಷ್ಟೇ ಬಾಕಿ.

ಮೌಸ್ ಮೇಲಿನ ಬೆರಳು ಬೆವರುತ್ತಿದೆ.

ಅಪ್ಪನದು ಭೂಸೇನೆಯ ಕಾಲಾಳು ಪಡೆ, ಮರಾಠಾ ಲೈಟ್ ಇನ್‌ಫಂಟ್ರಿ. ಅದರ ರೆಜಿಮೆಂಟಲ್ ಸೆಂಟರ್ ಇದೇ ಊರಲ್ಲಿದೆ. ಅಲ್ಲಿನ ಬ್ಯೂಗಲ್ ಕೇಳುತ್ತಲೇ ನೀನು ಬೆಳೆದವಳು. ಭೂಸೇನೆಗೆ ‘1’ ಎಂದು ಬರೆಯಲು ಬೆರಳು ತಾನಾಗಿಯೇ ಹೋಗುತ್ತದೆ. ತಡೆಯುವುದು ಒಂದೇ ಸಂಗತಿ. ಭೂಸೇನೆಯಲ್ಲಿ ಹೆಣ್ಣುಮಕ್ಕಳು ಇಂಜಿನಿಯರ್ಸ್, ಸಿಗ್ನಲ್ಸ್ ಸೇರಬಹುದು, 2023ರಿಂದ ಆರ್ಟಿಲರಿಯನ್ನೂ ಸೇರಬಹುದು. ಆದರೆ ಕಾಲಾಳು ಪಡೆಗೆ ಪ್ರವೇಶವಿಲ್ಲ. ಅಪ್ಪನ ಪಲ್ಟನ್ ಅಪ್ಪನ ಮಗಳಿಗೆ ಮುಚ್ಚಿದೆ. ಇದು ನ್ಯಾಯವಲ್ಲ, ನಿನಗೆ ಗಂಟಲು ಕಟ್ಟಿದರೆ ತಪ್ಪಿಲ್ಲ.

ಬ್ರಷ್ಷಿನ ಸದ್ದು ನಿಲ್ಲುತ್ತದೆ. “ನನ್ನ ಮುಖಾ ನೋಡಿ ಬರೀಬ್ಯಾಡವ್ವಾ,” ಅನ್ನುತ್ತಾನೆ ಅಪ್ಪ. “ದಿನಾ ಮುಂಜಾನೆ ಎದ್ದು ಮಾಡಾಕಿ ನೀನು.”

ನಿನ್ನ ಕಣ್ಣು ‘ವಾಯುಪಡೆ’ಯ ಮೇಲೆ ನಿಲ್ಲುತ್ತದೆ. ಸಾಂಬ್ರಾ ವಿಮಾನ ನಿಲ್ದಾಣದ ಕಡೆಯಿಂದ ವಿಮಾನ ಏಳುವಾಗ ಎದೆಯೊಳಗೆ ಏನೋ ಅದುರುವುದು ಎಂದಿನಿಂದ? ಯಾರಿಗೂ ಹೇಳಿಲ್ಲ. ಅವ್ವ ಮಾತಿಲ್ಲದೆ ಹೊಲಿಗೆ ಯಂತ್ರದ ಮೇಲಿನ ಟೇಪು ತರುತ್ತಾಳೆ, ಅವಳಿಗೆ ಗೊತ್ತಿತ್ತು. ಗೋಡೆಗೆ ಬೆನ್ನು ಒತ್ತಿ ಕೂರುತ್ತೀಯ. ನೆಲ ತಣ್ಣಗಿದೆ. ಸೊಂಟದ ಹಿಂಬದಿಯಿಂದ ಮಂಡಿಯವರೆಗೆ ಟೇಪು ಹರಿಯುತ್ತದೆ. ಪೈಲಟ್ ಆಗುವವರ ತೊಡೆಯ ಉದ್ದ 64 ಸೆಂ.ಮೀ. ಮೀರುವಂತಿಲ್ಲ, ಅಪಾಯದಲ್ಲಿ ಸೀಟು ಸಮೇತ ಹೊರಕ್ಕೆ ಚಿಮ್ಮುವಾಗ ಮಂಡಿ ಮುಂದಿನ ಫಲಕಕ್ಕೆ ಬಡಿಯಬಾರದು. ನೀನು ಉಸಿರು ಹಿಡಿಯುತ್ತೀಯ, ಉಸಿರಿಗೆ ತೊಡೆ ಕುಗ್ಗುವಂತೆ. ಅವ್ವ ಬಗ್ಗಿ ದೀಪದತ್ತ ಟೇಪು ತಿರುಗಿಸುತ್ತಾಳೆ.

“ಐವತ್ತೆಂಟು.”

ದೇಹ ಒಪ್ಪಿದೆ. ಇನ್ನು ಎದುರಿಗೆ ನಿಲ್ಲುವುದು ಸ್ಥಾನಗಳ ಲೆಕ್ಕ. ಈ ಸಲದ ಅಧಿಸೂಚನೆಯಲ್ಲಿ ಭೂಸೇನೆಯ 208 ಸ್ಥಾನಗಳಲ್ಲಿ ಹುಡುಗಿಯರಿಗೆ 10. ಹಾರುವ ವಿಭಾಗದ 92ರಲ್ಲಿ ಎರಡು. ಇಡೀ ದೇಶಕ್ಕೆ ಎರಡು. ಮೇಲಾಗಿ ಪೈಲಟ್ ಸಾಮರ್ಥ್ಯ ಪರೀಕ್ಷೆಯ ಅವಕಾಶ ಜೀವನದಲ್ಲಿ ಒಂದೇ ಸಲ. ಅದರಲ್ಲಿ ಕೈಕಾಲು ತಡವರಿಸಿದರೆ ವಾಯುಪಡೆಯ ಪೈಲಟ್ ಕನಸು ಅಲ್ಲಿಗೆ ಮುಗಿಯಿತು. ಹತ್ತರ ಸುರಕ್ಷೆಯೋ, ಎರಡರ ಆಸೆಯೋ?

ಫಕ್ಕನೆ ಕರೆಂಟ್ ಹೋಗುತ್ತದೆ. ಕತ್ತಲು. ವೈಫೈ ಸತ್ತಿತು. ಲ್ಯಾಪ್‌ಟಾಪ್ ಬ್ಯಾಟರಿ ಒಂಬತ್ತು ಪರ್ಸೆಂಟ್. ಅಪ್ಪ ಫೋನಿಗೆ ತಡಕಾಡುತ್ತಾನೆ, ಪಾಲಿಶ್ ಡಬ್ಬಿ ಉರುಳುತ್ತದೆ, ಹಾಟ್‌ಸ್ಪಾಟ್ ಹತ್ತುತ್ತದೆ. ಪುಟ ಇನ್ನೂ ಇದೆ! ಬ್ಯಾಟರಿ ಏಳು. ಆರು. ಈಗ ಲೆಕ್ಕ ಹಾಕಲು ಹೊತ್ತಿಲ್ಲ. ವಾಯುಪಡೆ 1. ಭೂಸೇನೆ 2. ನೌಕಾಪಡೆ 3. ನೌಕಾ ಅಕಾಡೆಮಿ 4. ಒತ್ತು.

ಅರ್ಜಿ ಹೋಯಿತು. ಕಿವಿಯಲ್ಲಿ ನಿನ್ನದೇ ರಕ್ತದ ಸದ್ದು, ಹೆಗಲ ಮೇಲೆ ಪಾಲಿಶ್ ಮೆತ್ತಿದ ಅಪ್ಪನ ಕೈ.

ಕಳೆದ ಮೇ 30ರಂದು ಖಡಕ್‌ವಾಸ್ಲಾದ ಇದೇ ಅಕಾಡೆಮಿಯಿಂದ ಮೊದಲ ಬಾರಿಗೆ ಹುಡುಗಿಯರು ತೇರ್ಗಡೆಯಾಗಿ ಹೊರಬಂದರು, 17 ಮಂದಿ. ಸುಪ್ರೀಂ ಕೋರ್ಟ್ 2021ರಲ್ಲಿ ಪರೀಕ್ಷೆಗೆ ಅವಕಾಶ ಕೊಡಿಸುವವರೆಗೆ ಹುಡುಗಿಯರು ಈ ಅರ್ಜಿಯನ್ನೇ ತುಂಬುವಂತಿರಲಿಲ್ಲ. ಎರಡೇ ಸ್ಥಾನ ಎಂದು ಹಿಂಜರಿಯದೆ ನೀನು ಸರಿಯಾದದ್ದನ್ನೇ ಬರೆದಿದ್ದೀಯ. ಲಿಖಿತ ಪರೀಕ್ಷೆ ಸೆಪ್ಟೆಂಬರ್ 14ಕ್ಕೆ. ಗಣಿತದಲ್ಲಿ 120 ಪ್ರಶ್ನೆ, ಎರಡೂವರೆ ಗಂಟೆ. ನಾಳೆ ಬೆಳಿಗ್ಗೆಯಿಂದಲೇ ಓದಲು ಕೂರು.